ಮುದ್ದೆ ಬಿಟ್ಟರು, ಮಾತ್ರೆ ಬಿಡಲಿಲ್ಲ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ತೋಟ. ಮೊನ್ನೆ ಊಟಕ್ಕೆ ಕೂತರೆ ನನ್ನ ತಟ್ಟೆಯಲ್ಲಿ ರಾಗಿ ಮುದ್ದೆ, ಅವರ ತಟ್ಟೆಯಲ್ಲಿ ಮೂರು ಮೊಟ್ಟೆ, ಬೆಣ್ಣೆ, ಒಂದು ಹಿಡಿ ಕೊಬ್ಬರಿ.

"ಏನ್ ಚಿಕ್ಕಪ್ಪ ಇದು?"

"ಕೀಟೋ ಕಣಯ್ಯ. ಫೋನಲ್ಲಿ ನೋಡ್ದೆ. ಹದಿನೈದು ದಿನಕ್ಕೆ ನಾಲ್ಕು ಕೆ.ಜಿ. ಇಳಿದೀನಿ. ಇನ್ನೆರಡು ತಿಂಗಳಿಗೆ ಬೇಲೂರಿನ ಶಿಲ್ಪ ಆಗ್ತೀನಿ ನೋಡ್ತಿರು."

ಬೆಳಗ್ಗೆ ತೋಟದಲ್ಲಿ ಬೆವೆತು, ಕೈಕಾಲು ನಡುಗಿ ಕುಸಿದಿದ್ದರು, ಬೆಲ್ಲದ ನೀರು ಕುಡಿಸಿದ ಮೇಲೆ ಸರಿಹೋಯ್ತು ಅನ್ನೋದನ್ನ ಹೇಳಿದ್ದು ಚಿಕ್ಕಮ್ಮ.

ಆಗಿದ್ದೇನು? ಮುದ್ದೆ, ಅನ್ನ ಹೊಟ್ಟೆಗೆ ಹೋದರೆ ಸಕ್ಕರೆಯಾಗುತ್ತೆ. ಒಂದಿಷ್ಟು ಸಕ್ಕರೆಯನ್ನು ದೇಹ ಪಿತ್ತಜನಕಾಂಗ, ಸ್ನಾಯುಗಳಲ್ಲಿ ನೀರಿನ ಜೊತೆ ಕೂಡಿಡುತ್ತೆ. ಊಟದಲ್ಲಿ ಅದು ನಿಂತರೆ ಆ ದಾಸ್ತಾನು ಕರಗಿ ನೀರೂ ಹೋಗುತ್ತೆ. ಮೊದಲು ಇಳಿಯುವ ಕೆ.ಜಿ.ಗಳಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು! ಆಮೇಲೆ ಪಿತ್ತಜನಕಾಂಗ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತೆ, ದೇಹ ಅದರಲ್ಲೇ ಓಡುತ್ತೆ. ಇದೇನೂ ಹೊಸದಲ್ಲ. 1921ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರ್ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಈ ಪಥ್ಯ ಸೂಚಿಸಿದ್ದರು.

ಸುಳ್ಳು ಹೇಳೋದು ಬೇಡ, ಇದರಿಂದ ಶುಗರ್ ಇಳಿಯುತ್ತೆ. ಮೊದಲ ಆರು ತಿಂಗಳು ಚೆನ್ನಾಗೇ ಇಳಿಯುತ್ತೆ. ವರ್ಷದ ಹೊತ್ತಿಗೆ ಬೇರೆ ಪಥ್ಯಗಳಿಗೂ ಇದಕ್ಕೂ ಅಂತರ ಕಮ್ಮಿಯಾಗುತ್ತೆ.

ಆದರೆ ಚಿಕ್ಕಪ್ಪ ಮುದ್ದೆ ಬಿಟ್ಟರು, ಶುಗರ್ ಮಾತ್ರೆ ಬಿಡಲಿಲ್ಲ. ಗ್ಲಿಮಿಪಿರೈಡ್ ಆಗಲಿ, ಇನ್ಸುಲಿನ್ ಆಗಲಿ, ಡಾಕ್ಟರು ಡೋಸ್ ಲೆಕ್ಕ ಹಾಕಿದ್ದು ನೀವು ಮುದ್ದೆ ಉಣ್ಣುತ್ತೀರಿ ಅಂತ. ಮುದ್ದೆ ಇಲ್ಲದಿದ್ದರೆ ಅದೇ ಡೋಸ್ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತೆ. ಇನ್ನೊಂದು ಜಾತಿಯ ಮಾತ್ರೆ ಇದೆ, ಹೆಸರು 'ಗ್ಲಿಫ್ಲೋಜಿನ್' ಅಂತ ಮುಗಿಯುತ್ತೆ. ಅದನ್ನು ನುಂಗುತ್ತಾ ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಹೆಚ್ಚು. ಮೀಟರ್‌ನಲ್ಲಿ ಶುಗರ್ ಹೆಚ್ಚೇನೂ ಕಾಣದೇ ಇರಬಹುದು! ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಅವರಲ್ಲಿ ಎಷ್ಟು ಜನರ ಕೈಯಲ್ಲಿ ಅದೇ ವಿಡಿಯೋ ಓಡುತ್ತಿದೆಯೋ!

ಇನ್ನು ಕೊಬ್ಬರಿ. ಅರಸೀಕೆರೆಯಲ್ಲಿ ಇದನ್ನು ಹೇಳಿದರೆ ನನ್ನನ್ನು ಓಡಿಸ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು, ಆ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಜಾತಿ. ಚಟ್ನಿಗೆ ಹಾಕಿ, ತಕರಾರಿಲ್ಲ. ಅದನ್ನೇ ಊಟ ಮಾಡಿಕೊಂಡರೆ ಕಷ್ಟ.

ಮಾರನೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಕಮ್ಮಿ ಮಾಡಿದರು, ಸೊಪ್ಪಿನ ಸಾರಿನ ಜೊತೆ ಅರ್ಧ ಮುದ್ದೆ ಉಣ್ಣಿ ಅಂದರು. ಚಿಕ್ಕಪ್ಪ ಕೇಳಿದ್ದು ಒಂದೇ: "ಅರ್ಧ ಅಂದ್ರೆ, ನಮ್ಮನೆ ಮುದ್ದೇಲಾ, ಹೋಟ್ಲು ಮುದ್ದೇಲಾ?"