ನೀರಿನ ಆಳವೂ ಕಣ್ಣಿನ ಮೋಸವೂ

ಕಂಚಿನ ಬೋಗುಣಿಯೊಂದರ ತಳದಲ್ಲಿ ಒಂದು ನಾಣ್ಯವನ್ನಿಡಿರಿ. ಅಂಚು ಮರೆಯಾಗಿ ನಾಣ್ಯವು ಕಾಣದಂತಾಗುವವರೆಗೆ ಹಿಂದಕ್ಕೆ ಸರಿದು ಅಲ್ಲಿಯೇ ನಿಲ್ಲಿರಿ. ಈಗ ಮತ್ತೊಬ್ಬರು ಬೋಗುಣಿಗೆ ಮೆಲ್ಲಗೆ ನೀರು ಹೊಯ್ಯಲಿ. ನಾಣ್ಯವು ಕದಲದಿದ್ದರೂ ಮೇಲಕ್ಕೆ ಎದ್ದು ಬಂದಂತೆ ಕಣ್ಣಿಗೆ ಬೀಳುವುದು! ಎರಡನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಟಾಲೆಮಿಯು ವರ್ಣಿಸಿದ ಈ ಪ್ರಯೋಗವು ಮಕ್ಕಳಿಗೆ ಇಂದಿಗೂ ವಿನೋದ. ಹಿರಿಯರಿಗೆ ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ.

ಇದಕ್ಕೆ ಕಾರಣವೇನು? ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,86,000 ಮೈಲಿ ಸಾಗುವುದು. ನೀರಿನಲ್ಲಿ ಸುಮಾರು 1,40,000 ಮೈಲಿ ಮಾತ್ರ. ಕೆಸರಿನಿಂದ ಓರೆಯಾಗಿ ಗಟ್ಟಿ ನೆಲಕ್ಕೆ ಏರುವ ಬಂಡಿಯನ್ನು ನೆನೆಯಿರಿ. ಮೊದಲು ನೆಲ ಮುಟ್ಟಿದ ಗಾಲಿಯು ಬೇಗನೆ ಉರುಳುವುದು. ಮತ್ತೊಂದು ಕೆಸರಿನಲ್ಲಿಯೇ ತಡೆಯುವುದು. ಬಂಡಿಯ ದಿಕ್ಕು ತಿರುಗುವುದು. ನೀರಿನಿಂದ ಓರೆಯಾಗಿ ಹೊರಬೀಳುವ ಕಿರಣವೂ ಹೀಗೆಯೇ ಬಾಗುತ್ತದೆ. ಇದನ್ನೇ ವಕ್ರೀಭವನವೆನ್ನುತ್ತಾರೆ. ಇದರ ನಿಯಮವನ್ನು 984ರ ಸುಮಾರಿನಲ್ಲಿ ಬಾಗ್ದಾದಿನ ಇಬ್ನ್ ಸಹ್ಲನೂ, 1621ರಲ್ಲಿ ಹಾಲೆಂಡಿನ ಸ್ನೆಲ್ಲನೂ ಕಂಡುಕೊಂಡರು. ಆದರೆ ನಮ್ಮ ಕಣ್ಣು, ಬೆಳಕು ನೆಟ್ಟಗೆ ಬಂದಿತೆಂದೇ ನಂಬುತ್ತದೆ. ಆದುದರಿಂದ ನೀರಿನೊಳಗಿನ ವಸ್ತುವನ್ನು ಅದಿರುವ ಸ್ಥಳಕ್ಕಿಂತ ಮೇಲೆ ಕಾಣುತ್ತದೆ.

ಚಿತ್ರಕಾರನಿಗೆ ಈ ಮೋಸವೇ ಸತ್ಯ. 1882ರಲ್ಲಿ ಪ್ಯಾರಿಸಿನ ಮಾನೆ ಎಂಬ ಚಿತ್ರಕಾರನು ಗಾಜಿನ ಹೂದಾನಿಗಳಲ್ಲಿಟ್ಟ ಹೂಗಳ ಚಿತ್ರಗಳನ್ನು ಬರೆದನು. ಅಂತಹ ಚಿತ್ರದಲ್ಲಿ ಓರೆಯಾದ ಕಾಂಡವನ್ನು ನೀರಿನ ಮಟ್ಟದಲ್ಲಿ ಮುರಿದಂತೆ ಬರೆದರೆ, ಅಲ್ಲಿ ನೀರಿದೆಯೆಂಬ ನಂಬಿಕೆ ನೋಡುವವರಿಗೆ ಹುಟ್ಟುವುದು. ಈಟಿಯಿಂದ ಮೀನು ಹಿಡಿಯುವವನ ರೀತಿ ಬೇರೆ. ಅವನು ಕಂಡ ಮೀನಿಗಿಂತ ಕೆಳಗೆ ಗುರಿಯಿಡುತ್ತಾನೆ. ಕಂಡಲ್ಲಿಯೇ ಎಸೆದರೆ ಅವನಿಗೆ ಬರಿಗೈಯೇ ಗತಿ.

ಬರಿಗೈಯಾದರೆ ನಷ್ಟ ಅಲ್ಪ. ಪ್ರಾಣದ ಮಾತು ಹಾಗಲ್ಲ. ತಿಳಿನೀರಿನ ತಳವು ನೇರವಾಗಿ ಮೇಲಿನಿಂದ ನೋಡಿದಾಗ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲಿದ್ದಂತೆ ತೋರುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. 5 ಅಡಿ ಆಳದ ನೀರು 4 ಅಡಿಯೂ ಇಲ್ಲವೆಂದು ಕಣ್ಣು ಹೇಳುತ್ತದೆ. ನಾಲ್ಕೂವರೆ ಅಡಿ ಎತ್ತರದ ಬಾಲಕನು ಅದನ್ನು ಭುಜಮಟ್ಟದ ನೀರೆಂದು ನಂಬಿ ಇಳಿದರೆ ಮುಳುಗಿಹೋಗುವನು. ಈಜು ಬಾರದವನಿಗೆ ತಳ ಕಾಣುವುದೇ ಧೈರ್ಯ. ಆ ಧೈರ್ಯವೇ ಅಪಾಯ.

ಆದುದರಿಂದ ನೀರನ್ನು ಕಣ್ಣಿನಿಂದಳೆಯದೆ ಕೋಲಿನಿಂದ ಅಳೆಯಬೇಕು. ಕೋಲು ನೀರಿನಲ್ಲಿ ಬಾಗಿದಂತೆ ಕಂಡರೂ, ಮೇಲೆತ್ತಿದಾಗ ಅದರ ಒದ್ದೆಯ ಗುರುತು ಸುಳ್ಳು ಹೇಳದು. ರಜೆಯ ದಿನಗಳಲ್ಲಿ ಮಕ್ಕಳು ಕೆರೆ ಕಲ್ಯಾಣಿಗಳತ್ತ ಹೊರಡುವ ಮುನ್ನ, ಮನೆಯಲ್ಲಿ ಈ ನಾಣ್ಯದ ಆಟವನ್ನು ಒಮ್ಮೆ ಆಡಿ ತೋರಿಸಿರಿ.