ಹಳೆಯ ಮೋಟಾರು ಸೈಕಲ್ಲಿನ ಮೋಹ: ಮೈಸೂರಿನ ಜಾವಾ ಮತ್ತು ಯೆಜ್ಡಿಗಳನ್ನು ಕುರಿತು

ಚರಿತ್ರೆಯ ಅಭ್ಯಾಸಿಗಳಾದ ನಾವು ಶಾಸನ, ನಾಣ್ಯ, ಕಡತಗಳಿಗೆ ಸಲ್ಲಿಸುವ ಗೌರವವನ್ನು ಯಂತ್ರಗಳಿಗೆ ಸಾಮಾನ್ಯವಾಗಿ ಸಲ್ಲಿಸುವುದಿಲ್ಲ. ಐವತ್ತು ವರ್ಷ ಹಳೆಯದಾದ ಮೋಟಾರು ಸೈಕಲ್ಲೊಂದು ಕಣ್ಣಿಗೆ ಬಿದ್ದರೆ, ಅದು ಗುಜರಿಗೆ ಸೇರಬೇಕಾದ ಸಾಮಾನೆಂದೋ, ಅಥವಾ ಅನುಕೂಲಸ್ಥರ ಹವ್ಯಾಸವೆಂದೋ ಭಾವಿಸಿ ಮುಂದೆ ಸಾಗುತ್ತೇವೆ. ಆದರೆ ಪ್ರತಿವರ್ಷವೂ ಜುಲೈ ತಿಂಗಳ ಎರಡನೆಯ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನವೆಂಬ ಹೆಸರಿನಲ್ಲಿ, ಹಳೆಯ ಜಾವಾ ಮತ್ತು ಯೆಜ್ಡಿಗಳ ಒಡೆಯರು ಒಂದೆಡೆ ನೆರೆಯುವುದನ್ನು ಕಂಡವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರಲಾರದು. ಗುಂಡಿಯೊತ್ತಿದೊಡನೆ ಚಾಲನೆಗೊಳ್ಳುವ, ಕಡಮೆ ಪೆಟ್ರೋಲನ್ನು ಬೇಡುವ, ಹೊಗೆಯುಗುಳದ ವಾಹನಗಳು ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತಿರುವಾಗ, ಬೆಳಗಿನ ಹೊತ್ತು ಹತ್ತು ಸಲ ಒದ್ದು ಎಬ್ಬಿಸಬೇಕಾದ ಈ ಯಂತ್ರವನ್ನು ಇವರು ಇಷ್ಟು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವುದು ಏತಕ್ಕೆ? ಹಳೆಯದರ ಮೇಲಣ ವ್ಯಾಮೋಹವೆಂಬ ಉತ್ತರ ಸುಲಭವಾದುದು. ಆದರೆ ಅದು ಸಾಲದೆಂದು ನಮಗೆ ತೋರುತ್ತದೆ.

ಮೊದಲು ಯಂತ್ರದ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬೇಕು. ಪ್ರಾಗ್ ನಗರದ ಉದ್ಯಮಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತನು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರು ಸೈಕಲ್ಲು ತಯಾರಿಕೆಯ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ತನ್ನ ಗಾಡಿಗೆ ನಾಮಕರಣ ಮಾಡಿದನು. ಚೆಕ್ ಭಾಷೆಯಲ್ಲಿ ಅದರ ಉಚ್ಚಾರಣೆ ‘ಯಾವಾ’. ಇಂಗ್ಲಿಷಿನ ಓದಿನಿಂದ ನಮಗದು ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧದಲ್ಲಿ ನಾಡು ಜರ್ಮನರ ವಶದಲ್ಲಿದ್ದಾಗ ಅಲ್ಲಿಯ ಕುಶಲಿಗಳು ಗುಟ್ಟಾಗಿ ರೂಪಿಸಿದ ಹೊಸ ಮಾದರಿಯು ೧೯೪೬ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಬೆಳಕಿಗೆ ಬಂದಿತು. ಮುಂದೆ ಮೈಸೂರಿಗೆ ಬಂದ ಗಾಡಿಯು ಆ ಮಾದರಿಯ ಸಂತತಿಗೆ ಸೇರಿದುದು. ಮುಂಬಯಿಯ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ೧೯೬೦ರಲ್ಲಿ ಐಡಿಯಲ್ ಜಾವಾ ಎಂಬ ಸಂಸ್ಥೆಯನ್ನು ಮೈಸೂರಿನಲ್ಲಿ ನೆಲೆಗೊಳಿಸಿದರು. ಯಾದವಗಿರಿಯ ಆ ಕಾರ್ಖಾನೆಯಿಂದ ೧೯೬೧ರಲ್ಲಿ ಜಾವಾ ೨೫೦ ಗಾಡಿಗಳು ಮಾರಾಟಕ್ಕೆ ಹೊರಟವು. ೧೯೭೦ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. ಈ ಎರಡನೆಯ ಹೆಸರಿಗೆ ಎರಡು ನಿರುಕ್ತಿಗಳು ಪ್ರಚಾರದಲ್ಲಿವೆ: ಇರಾನಿನ ಯಜ್ದ್ ಪಟ್ಟಣದಿಂದ ಬಂದುದೆಂದು ಕೆಲವರು, ‘ಓಡುತ್ತದೆ, ಸವಾರಿ ಮಾಡುತ್ತದೆ’ ಎಂಬರ್ಥದ ಚೆಕ್ ಕ್ರಿಯಾಪದದಿಂದ ಬಂದುದೆಂದು ಕೆಲವರು. ಎರಡೂ ಸೊಗಸಾಗಿಯೇ ಇರುವುದರಿಂದ ಜಗಳವನ್ನು ತೀರಿಸುವ ಅವಸರ ಯಾರಿಗೂ ಇದ್ದಂತಿಲ್ಲ.

೧೯೮೦ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದಿಂದ ಬಂದ ನೂರು ಸಿಸಿಯ ಹಗುರ ಗಾಡಿಗಳು ಒಂದು ಲೀಟರು ಪೆಟ್ರೋಲಿನಲ್ಲಿ ಕ್ರಮಿಸುತ್ತಿದ್ದ ದೂರದ ಮುಂದೆ ಯೆಜ್ಡಿಯು ನಿಲ್ಲಲಾರದೆ ಹೋಯಿತು. ಹೊಗೆಯನ್ನು ಕುರಿತ ಸರ್ಕಾರದ ನಿಯಮಗಳೂ ಬಿಗಿಯಾಗುತ್ತ ಬಂದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಯನ್ನು ಮಾಡಿದವರಿಲ್ಲ, ಆದರೆ ಗಾಡಿಗಳು ಇನ್ನೂ ಓಡುತ್ತಿವೆ. ನಮ್ಮ ವಿಷಯ ಇಲ್ಲಿಂದ ಆರಂಭವಾಗುತ್ತದೆ.

ಈ ಗಾಡಿಯ ಕೆಲಸವನ್ನು ಅರಿಯದೆ ಅದರ ಸುಖವನ್ನು ಅರಿಯುವುದು ಸಾಧ್ಯವಿಲ್ಲವಾದುದರಿಂದ ಸ್ವಲ್ಪ ವಿವರಕ್ಕೆ ಹೋಗುತ್ತೇವೆ. ಜಾವಾ ೨೫೦ರ ಇಂಜಿನ್ನಿನಲ್ಲಿ ಸಿಲಿಂಡರು ಒಂದೇ. ಅದರ ಅಡ್ಡಳತೆ ೬೫ ಮಿಲಿಮೀಟರು, ಪಿಸ್ಟನ್ನಿನ ಓಡಾಟ ೭೫ ಮಿಲಿಮೀಟರು. ಸಿಲಿಂಡರು ಒಂದೇ ಆದರೂ ಹೊಗೆ ಹೋಗಲು ಎರಡು ದ್ವಾರಗಳು, ಆದಕಾರಣ ಎರಡು ಸೈಲೆನ್ಸರುಗಳು. ಇದು ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಜಾತಿಯ ಯಂತ್ರ. ಇದರಲ್ಲಿ ಎಣ್ಣೆಗೆ ಬೇರೆ ದಾರಿಯಿಲ್ಲ. ಸುಮಾರು ಇಪ್ಪತ್ತು ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯನ್ನು ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು. ಪಿಸ್ಟನ್ನಿಗೆ ಪೆಟ್ರೋಲಿನ ಜೊತೆಯಲ್ಲಿ ಬಂದ ಎಣ್ಣೆಯೇ ಗತಿ. ಚಾಮುಂಡಿಬೆಟ್ಟದಂಥ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು, ಗೇರಿನಲ್ಲಿಯೇ ಬಹುದೂರ ಇಳಿದರೆ, ಚಕ್ರವು ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಆದರೆ ಪೆಟ್ರೋಲಿನೊಡನೆ ಎಣ್ಣೆಯೂ ಕ್ಷೀಣಿಸುತ್ತದೆ; ಪಿಸ್ಟನ್ನು ಜಾಮ್ ಆಗುವ ಭಯವುಂಟು. ಆದ್ದರಿಂದ ಅನುಭವಿಯಾದ ಸವಾರನು ಇಳಿಯುವಾಗಲೂ ಆಗಾಗ್ಗೆ ಆಕ್ಸಿಲರೇಟರನ್ನು ತುಸು ತಿರುಗಿಸುತ್ತಾನೆ. ನೋಡುವವರಿಗೆ ಅದು ಪೋಕರಿತನದಂತೆ ಕಾಣುತ್ತದೆ. ವಾಸ್ತವವಾಗಿ ಅದು ಉಪಚಾರ.

ಎಡಗಾಲಿನ ಬಳಿಯ ಸನ್ನೆಯೊಂದಕ್ಕೆ ಎರಡು ಉದ್ಯೋಗ. ಮುಂದಕ್ಕೆ ಚಾಚಿಕೊಂಡಿರುವಾಗ ಅದು ಗೇರು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ಗೇರು ಬದಲಾಯಿಸುವಾಗ ಆ ಸನ್ನೆಯ ಚಲನೆಯೇ ಕ್ಲಚ್ಚನ್ನೂ ಬಿಡಿಸುವುದರಿಂದ ಕೈಯ ಕ್ಲಚ್ಚನ್ನು ಮುಟ್ಟದೆಯೂ ಓಡಿಸಬಹುದು. ಬೆಳಗ್ಗೆ ತಣ್ಣಗಿರುವ ಗಾಡಿಯನ್ನು ಎಬ್ಬಿಸಲು ಕಾರ್ಬುರೇಟರಿನ ಮೇಲಣ ಪುಟ್ಟ ಗುಂಡಿಯನ್ನೊತ್ತಿ ಪೆಟ್ರೋಲು ತುಸು ಉಕ್ಕುವಂತೆ ಮಾಡಬೇಕು. ಎಷ್ಟು ಉಕ್ಕಬೇಕೆಂಬುದು ಋತುವಿನಿಂದ ಋತುವಿಗೆ, ಗಾಡಿಯಿಂದ ಗಾಡಿಗೆ ಬೇರೆ. ಅದನ್ನು ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ತಿರುವೊಟ್ಟಿಯೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಬುಲೆಟ್ಟಿಗೂ ಇಂಥದೇ ಒಂದು ಸಂಸ್ಕಾರವಿತ್ತು. ಆಂಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲನೆ ಒತ್ತಿ, ಸಿಲಿಂಡರಿನ ಒತ್ತಡವನ್ನು ಸಡಿಲಿಸುವ ಚಿಕ್ಕ ಸನ್ನೆಯನ್ನು ಹಿಡಿದು, ಇನ್ನಷ್ಟು ಒತ್ತಿ, ಅದನ್ನು ಬಿಟ್ಟು, ಆಮೇಲೆ ಮೈಭಾರವನ್ನು ಹಾಕಬೇಕು. ಕ್ರಮ ತಪ್ಪಿದವನ ಮೊಣಕಾಲಿಗೆ ಕಿಕ್ಕರು ತಿರುಗಿ ಬಡಿದ ಕಥೆಗಳು ಪ್ರತಿ ಊರಿನಲ್ಲಿಯೂ ಇವೆ.

ಹಳೆಯ ಗಾಡಿಯ ಸುಖವು ಈ ಕಷ್ಟಗಳನ್ನು ಸಹಿಸಿಕೊಂಡು ದೊರೆಯುವ ಸುಖವಲ್ಲ. ಈ ಕಷ್ಟಗಳಲ್ಲಿಯೇ ಅದು ನೆಲೆಸಿದೆ ಎಂಬುದು ನಮ್ಮ ಅಭಿಪ್ರಾಯ. ಹೊಸ ವಾಹನವು ತನ್ನ ಸವಾರನಿಂದ ಏನನ್ನೂ ಅಪೇಕ್ಷಿಸುವುದಿಲ್ಲ. ಅದು ಯಾರಿಗಾದರೂ ಒಂದೇ ಬಗೆಯಾಗಿ ಓಡುತ್ತದೆ. ಹಳೆಯದು ಕಿವಿಯನ್ನೂ ಮೂಗನ್ನೂ ಅಂಗಾಲನ್ನೂ ಕೆಲಸಕ್ಕೆ ಹಚ್ಚುತ್ತದೆ. ಪ್ಲಗ್ಗಿಗೆ ಮಸಿ ಹಿಡಿದ ಸದ್ದು ಬೇರೆ, ಪಾಯಿಂಟು ಸವೆದ ಸದ್ದು ಬೇರೆ. ಇದನ್ನು ಬಲ್ಲವನು ತನ್ನ ಗಾಡಿಗೆ ಬರಿಯ ಒಡೆಯನಲ್ಲ, ಪರಿಚಿತ. ಈ ಅರಿವು ಒಬ್ಬನೇ ಕುಳಿತು ಸಂಪಾದಿಸಬಹುದಾದುದೂ ಅಲ್ಲ. ಮಾಡಿದ ಕಾರ್ಖಾನೆ ಮುಚ್ಚಿ ಬಹುಕಾಲವಾಗಿರುವುದರಿಂದ ಬಿಡಿಭಾಗ ಎಲ್ಲಿದೆ, ಯಾವ ಮಾದರಿಯದು ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ಒಬ್ಬರನ್ನೊಬ್ಬರು ಕೇಳಿಯೇ ತಿಳಿಯಬೇಕು. ಜುಲೈ ತಿಂಗಳ ಕೂಟಗಳಲ್ಲಿ ಸವಾರಿಗಿಂತ ಮಾತೇ ಹೆಚ್ಚಾಗಿರುವುದನ್ನು ಕಂಡು ನಗುವವರಿದ್ದಾರೆ. ಅಲಿಖಿತವಾದ ಒಂದು ಶಾಸ್ತ್ರದ ಅಧ್ಯಯನ ಅಧ್ಯಾಪನಗಳು ಅಲ್ಲಿ ನಡೆಯುತ್ತಿರುತ್ತವೆ.

ಹಾಗಾದರೆ ಹಳೆಯ ರೂಪವನ್ನು ತೊಟ್ಟ ಹೊಸ ಗಾಡಿಗಳನ್ನು ಕುರಿತು ಏನು ಹೇಳಬೇಕು? ೨೦೦೯ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪೆನಿಯು ಯುದ್ಧಾನಂತರದ ತನ್ನ ಗಾಡಿಗಳ ಆಕಾರವನ್ನು ನೆನಪಿಸುವ ಕ್ಲಾಸಿಕ್ ಎಂಬ ಮಾದರಿಯನ್ನು ನಮ್ಮ ದೇಶದಲ್ಲಿ ಹೊರತಂದು ಬಹು ಜನಪ್ರಿಯತೆಯನ್ನು ಗಳಿಸಿತು. ೨೦೧೮ರ ನವೆಂಬರಿನಲ್ಲಿ ಜಾವಾ ಎಂಬ ಹೆಸರೂ, ೨೦೨೨ರ ಜನವರಿಯಲ್ಲಿ ಯೆಜ್ಡಿ ಎಂಬ ಹೆಸರೂ ಮರಳಿ ಮಾರುಕಟ್ಟೆಗೆ ಬಂದವು. ಆದರೆ ಅವು ತಯಾರಾದುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ೨೦೧೮ರ ಜಾವಾದ ಇಂಜಿನ್ನು ೨೯೩ ಸಿಸಿಯ, ನಾಲ್ಕು ಹೊಡೆತದ, ನೀರಿನಿಂದ ತಣಿಯುವ ಆಧುನಿಕ ಯಂತ್ರ. ಹಾಗಿದ್ದರೂ ಅದರ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳನ್ನು ಇಡಲಾಯಿತು. ಅದರ ತಂದೆಗೆ ಎರಡಿದ್ದವೆಂಬ ಸ್ಮರಣೆಯೇ ಇದಕ್ಕೆ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಕಲ್ಲಿನ ಕಟ್ಟಡಗಳಲ್ಲಿ ಮರದ ತೊಲೆಗಳ ತುದಿಯನ್ನು ಕೆತ್ತುತ್ತಿದ್ದ ನಮ್ಮ ಶಿಲ್ಪಿಗಳ ನೆನಪು ಇಲ್ಲಿ ಬಾರದೆ ಇರದು. ಇಂಥ ಗಾಡಿಯನ್ನು ಹುಸಿಯೆಂದು ತಳ್ಳಿಹಾಕುವ ಹಳಬರೊಡನೆ ನಮ್ಮ ಸಹಮತವಿಲ್ಲ. ದಿನವೂ ಕೆಲಸಕ್ಕೆ ಹೋಗಬೇಕಾದವನು, ಹಾದಿಯಲ್ಲಿ ನಿಂತು ಪ್ಲಗ್ಗನ್ನು ಒರೆಸಲು ಪುರುಸೊತ್ತಿಲ್ಲದವನು, ಕಣ್ಣಿಗೆ ಹಿತವಾದ ಆ ಆಕಾರವನ್ನು ಬಯಸಿದರೆ ತಪ್ಪೇನು? ಆದರೆ ಅವನಿಗೆ ದೊರೆತದ್ದು ರೂಪ. ಮೇಲೆ ಹೇಳಿದ ಪರಿಚಯವಲ್ಲ. ಎರಡನ್ನೂ ಒಂದೇ ಸುಖವೆಂದು ಕರೆಯುವುದರಿಂದ ವಿಚಾರವು ಗೊಂದಲಕ್ಕೀಡಾಗುತ್ತದೆ.

ಇನ್ನು ಹಳೆಯದನ್ನು ಹಳೆಯದಾಗಿ ಉಳಿಸುವುದೆಂದರೇನು ಎಂಬ ಪ್ರಶ್ನೆ. ಇದರಲ್ಲಿ ಎರಡು ಪಂಗಡಗಳಿವೆ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಬಣ್ಣ, ಕ್ರೋಮಿಯಂ ಲೇಪಗಳನ್ನು ಹೊಸದಾಗಿ ಮಾಡಿಸುವವರು ಒಂದು ಪಂಗಡ. ಸವೆದ ಬಣ್ಣವನ್ನೂ ನಗ್ಗಿದ ತಗಡನ್ನೂ ಹಾಗೆಯೇ ಬಿಡಬೇಕೆನ್ನುವವರು ಇನ್ನೊಂದು. ಜೀರ್ಣೋದ್ಧಾರದ ಹೆಸರಿನಲ್ಲಿ ದೇವಾಲಯದ ಗೋಡೆಗೆ ಸುಣ್ಣ ಬಳಿದು ಶಾಸನವನ್ನು ಮುಚ್ಚಿದವರನ್ನು ತರಗತಿಯಲ್ಲಿ ಟೀಕಿಸುವ ನಾವು, ನಮ್ಮ ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಸೋದರಮಾವನವರು ೧೯೮೪ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಗಾಡಿಯು ಅವರ ತರುವಾಯ ನಮಗೆ ಬಂದಿತು. ಉತ್ಸಾಹದಿಂದ ಅದನ್ನು ಬಣ್ಣದ ಅಂಗಡಿಗೆ ಕೊಟ್ಟು, ಹಳೆಯ ಬಣ್ಣವನ್ನೆಲ್ಲ ಕೆರೆಸಿ, ಮಿರುಗುವಂತೆ ಮಾಡಿಸಿದೆವು. ಮಾವನವರ ಗಾಡಿಯನ್ನು ಮೊದಲಿನಿಂದಲೂ ನೋಡಿಕೊಳ್ಳುತ್ತಿದ್ದ ವೃದ್ಧ ಮೆಕ್ಯಾನಿಕ್ಕರ ಬಳಿಗೆ ಅದನ್ನು ಒಯ್ದಾಗ ಅವರು ಮೊದಲು ನೋಡಿದ್ದು ಹೊಳಪನ್ನಲ್ಲ. ಬದಿಯ ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ಒಳಮೈಯನ್ನು ತಿರುಗಿಸಿ, “ಇಲ್ಲಿದ್ದದ್ದು ಎಲ್ಲಿ ಮೇಷ್ಟ್ರೇ?” ಎಂದರು. ಪ್ರತಿ ಸಲ ಸಿಲಿಂಡರನ್ನು ಬೋರು ಮಾಡಿಸಿದಾಗಲೂ ತೇದಿಯನ್ನೂ ಹೊಸ ಪಿಸ್ಟನ್ನಿನ ಅಳತೆಯನ್ನೂ ಅವರು ಮೊಳೆಯಿಂದ ಆ ತಗಡಿನ ಮೇಲೆ ಗೀರಿ ಇಟ್ಟಿದ್ದರಂತೆ. ಅದರ ಮೇಲೆ ಈಗ ಎರಡು ಪದರ ಕಪ್ಪು ಬಣ್ಣವಿತ್ತು. ಕೆಳಗೆ ಕೆರೆದು ನುಣುಪಾದ ತಗಡು. ಮಾವನವರ ಗಾಡಿಯ ಏಕೈಕ ಲಿಖಿತ ದಾಖಲೆಯನ್ನು ಚರಿತ್ರೆಯ ಅಧ್ಯಾಪಕರು ಹಣಕೊಟ್ಟು ಅಳಿಸಿದ್ದರು.

ಅಂದಿನಿಂದ ನಾವು ಎರಡನೆಯ ಪಂಗಡದ ಕಡೆಗೆ ವಾಲಿದ್ದೇವೆ. ಸವೆತವು ಬರಿಯ ಕೊಳೆಯಲ್ಲ. ಟ್ಯಾಂಕಿನ ಎರಡು ಪಕ್ಕಗಳಲ್ಲಿ ಮೊಣಕಾಲು ತಾಗಿ ಬಣ್ಣ ಹೋದ ಜಾಗವು ಯಾವ ಎತ್ತರದ ಮನುಷ್ಯನು ಕುಳಿತು ಓಡಿಸಿದನೆಂಬುದನ್ನು ಹೇಳುತ್ತದೆ. ಹಿಂಬದಿಯ ತಗಡಿನ ಗೀರುಗಳು ಹಾಲಿನ ಕ್ಯಾನುಗಳನ್ನು ಹೊತ್ತದ್ದನ್ನು ಹೇಳುತ್ತವೆ. ಈಗ ಬೆಲೆಯೇರಿ ಹವ್ಯಾಸಿಗಳ ವಸ್ತುವಾಗಿರುವ ಈ ಗಾಡಿಯು ಒಂದು ಕಾಲಕ್ಕೆ ದುಡಿಯುವ ಗಾಡಿಯಾಗಿತ್ತೆಂಬುದಕ್ಕೆ ಬೇರೆ ಸಾಕ್ಷ್ಯವನ್ನು ಎಲ್ಲಿಂದ ತರೋಣ?

ಕಾನೂನಿನ ವಿಷಯವನ್ನೂ ಸ್ವಲ್ಪ ಹೇಳಬೇಕು. ಕೇಂದ್ರ ಸರ್ಕಾರವು ೨೦೨೧ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಐವತ್ತು ವರ್ಷ ಮೀರಿ, ಮೂಲ ಸ್ವರೂಪದಲ್ಲಿ ಉಳಿದುಬಂದಿರುವ ವಾಹನವನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು, ಅದಕ್ಕೆ ವಿ.ಎ. ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಗೌರವವೇನೋ ದೊಡ್ಡದು. ಆದರೆ ಹಾಗೆ ನೋಂದಣಿ ಪಡೆದ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವುದು ಇವೇ ಮೊದಲಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ೧೯೬೧ರ ಜಾವಾ ಈ ಗೌರವಕ್ಕೆ ಅರ್ಹ. ೧೯೮೪ರ ರೋಡ್‌ಕಿಂಗ್ ೨೦೩೪ರವರೆಗೆ ಕಾಯಬೇಕು. ನಿಯಮದ ಹಿಂದಿರುವ ನ್ಯಾಯವನ್ನು ನಾವು ಅಲ್ಲಗಳೆಯುವುದಿಲ್ಲ. ಎರಡು ಹೊಡೆತದ ಇಂಜಿನ್ನಿನಲ್ಲಿ ಹೊಸ ಮಿಶ್ರಣದ ಒಂದು ಭಾಗವು ಸುಡದೆಯೇ ಹಳೆಯ ಹೊಗೆಯೊಡನೆ ಹೊರಗೆ ಹೋಗುತ್ತದೆ, ಎಣ್ಣೆಯೂ ಉರಿಯುತ್ತದೆ. ಆ ನೀಲಿ ಹೊಗೆ ಹವ್ಯಾಸಿಗೆ ಪರಿಮಳವಾದರೂ ಹಿಂದೆ ನಿಂತವರಿಗೆ ಕೆಮ್ಮು. ಲಕ್ಷಗಟ್ಟಲೆ ಗಾಡಿಗಳು ಹೀಗಿದ್ದಿದ್ದರೆ ನಾವೂ ಬೇಡವೆನ್ನುತ್ತಿದ್ದೆವು. ಆದರೆ ಉಳಿದಿರುವ ಕೆಲವೇ ಗಾಡಿಗಳನ್ನು ಕೇವಲ ಪ್ರದರ್ಶನದ ವಸ್ತುಗಳಾಗಿ ನಿಲ್ಲಿಸಿದರೆ, ಹಾಳೆಗಳ ಮೇಲೆ ಬರೆಯಲಾಗದ ಆ ಕಿವಿಯ ಕೈಯ ವಿದ್ಯೆಯು ಒಂದು ತಲೆಮಾರಿನೊಳಗೆ ಇಲ್ಲವಾಗುತ್ತದೆ. ನಿಂತ ಯಂತ್ರದಿಂದ ಅದನ್ನು ಕಲಿಯಲು ಬರುವುದಿಲ್ಲ.

ಮೆಕ್ಯಾನಿಕ್ಕರ ಬಳಿಗೆ ನಾವು ಮತ್ತೆ ಎರಡು ಸಲ, ಪೆನ್ನು ಪುಸ್ತಕಗಳನ್ನು ಹಿಡಿದು ಹೋದೆವು. ಮೊದಲ ಬೋರು ೧೯೮೯ರಲ್ಲಿ, ನಮ್ಮ ಅಕ್ಕನ ಮದುವೆಯ ಓಡಾಟ ಮುಗಿದ ಮೇಲೆ ಆದದ್ದೆಂದೂ, ಎರಡನೆಯದು ಕಾರ್ಖಾನೆ ಮುಚ್ಚಿದ ವರ್ಷ, ಪಿಸ್ಟನ್ನು ಮುಂದೆ ಸಿಕ್ಕುವುದೋ ಇಲ್ಲವೋ ಎಂಬ ಹೆದರಿಕೆಯಿಂದ ಮಾವನವರು ಅವಸರಪಟ್ಟು ಮಾಡಿಸಿದ್ದೆಂದೂ ಅವರು ನೆನಪಿಸಿಕೊಂಡರು. ಮೂರನೆಯದರ ತೇದಿ ಅವರಿಗೆ ಜ್ಞಾಪಕಕ್ಕೆ ಬರಲಿಲ್ಲ. ಎರಡನ್ನು ಚೀಟಿಯಲ್ಲಿ ಬರೆದು, ಮೂರನೆಯದಕ್ಕೆ ಜಾಗ ಬಿಟ್ಟು, ಅದೇ ಮುಚ್ಚಳದ ಒಳಗೆ ಅಂಟಿಸಿದ್ದೇವೆ.