ಗೊರಕೆ ಗಾಢ ನಿದ್ದೆಯ ಗುರುತಲ್ಲ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ಎಷ್ಟು ನಂಬಿದ್ದೇವೆಂದರೆ, ನಿದ್ದೆಯ ಪ್ರತಿಯೊಂದು ತೊಂದರೆಯನ್ನೂ ಮನುಷ್ಯನ ಗುಣಕ್ಕೆ ಅಂಟಿಸಿಬಿಡುತ್ತೇವೆ. ನಿದ್ದೆ ಬಾರದವಳಿಗೆ ಚಿಂತೆ ಜಾಸ್ತಿ. ಕೂತಲ್ಲೇ ತೂಕಡಿಸುವವನು ಸೋಮಾರಿ, ಇಲ್ಲವೇ ಪುಣ್ಯವಂತ. ಆದರೆ ಬಸ್ಸು ಹತ್ತಿ ಕೂತ ಕೂಡಲೇ, ಮದುವೆ ಮನೆಯ ವಾಲಗದ ನಡುವೆಯೂ ಕಣ್ಣು ಮುಚ್ಚಿಬಿಡುವವರಲ್ಲಿ ಅನೇಕರು ರಾತ್ರಿಯಿಡೀ ನಿದ್ದೆ ಕೆಟ್ಟವರು, ಮತ್ತು ನಿದ್ದೆ ಕೆಟ್ಟದ್ದು ಅವರಿಗೇ ಗೊತ್ತಿರುವುದಿಲ್ಲ. ಈ ತೊಂದರೆಗಳಿಗೆ ಹೆಸರಿದೆ, ದೇಹದೊಳಗೆ ಕಾರಣವಿದೆ, ಬಹುಪಾಲು ಚಿಕಿತ್ಸೆಯೂ ಇದೆ. ಸ್ವಭಾವವೆಂದು ತಳ್ಳಿಹಾಕಿದ್ದರಿಂದಲೇ ಎಷ್ಟೋ ಮಂದಿ ವರ್ಷಗಟ್ಟಲೆ ವೈದ್ಯರ ಬಳಿ ಹೋಗುವುದಿಲ್ಲ.

“ಜೋರಾಗಿ ಗೊರಕೆ ಹೊಡೀತಾರೆ, ಒಳ್ಳೇ ನಿದ್ದೆ ಅವರಿಗೆ”

ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಗಂಟಲಿನ ಮೆತ್ತನೆಯ ಭಾಗಗಳು ಅದುರುತ್ತವೆ. ಆ ಸದ್ದೇ ಗೊರಕೆ. ನಿದ್ದೆ ಎಷ್ಟು ಆಳವಾಗಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗೊರಕೆ ಹೊಡೆಯುವವರೆಲ್ಲ ರೋಗಿಗಳೂ ಅಲ್ಲ. ಗಮನಿಸಬೇಕಾದದ್ದು ಗೊರಕೆ ತಟ್ಟನೆ ನಿಂತುಹೋಗುವ ಗಳಿಗೆಯನ್ನು. ಎದೆ, ಹೊಟ್ಟೆ ಏರಿಳಿಯುತ್ತಿರುತ್ತವೆ, ಆದರೆ ಮೂಗಿನಲ್ಲಿ ಗಾಳಿಯಾಡುತ್ತಿರುವುದಿಲ್ಲ. ಆಮೇಲೆ ಒಮ್ಮೆಲೇ ಏದುಸಿರು, ಮಗ್ಗುಲು ಬದಲು, ಮತ್ತೆ ಗೊರಕೆ. “ಏನ್ರೀ, ರಾತ್ರಿ ಉಸಿರೇ ನಿಲ್ಲಿಸಿಬಿಟ್ಟಿದ್ರಲ್ಲ” ಎಂದು ಬೆಳಿಗ್ಗೆ ಹೆಂಡತಿ ಹೇಳಿದರೆ ಗಂಡ ನಗುತ್ತಾನೆ. ನಗುವ ವಿಷಯವಲ್ಲ ಅದು. ಇದಕ್ಕೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ನೆನೆದ ಮೇಲೆ ಜೋರಾಗಿ ಹೀರಿದರೆ ನಡುವೆ ಕುಗ್ಗಿ ಅಂಟಿಕೊಳ್ಳುತ್ತದಲ್ಲ, ಕೆಲವರ ಗಂಟಲೂ ಉಸಿರೆಳೆದಾಗ ಹಾಗೇ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಗಾಳಿ ನಿಂತರೆ ವೈದ್ಯರು ಒಂದು ಬಾರಿ ಎಂದು ಲೆಕ್ಕ ಹಿಡಿಯುತ್ತಾರೆ. ಗಾಳಿ ಪೂರ್ತಿ ನಿಲ್ಲದೆ ಅರೆಬರೆಯಾದದ್ದನ್ನೂ ಸೇರಿಸಿ ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 30 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ, ನಡುವಿನದು ಮಧ್ಯಮ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ. ಪ್ರತಿ ಸಲವೂ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ದೇಹವನ್ನು ಅರೆ ಎಚ್ಚರಗೊಳಿಸುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಅವು ಕೆಲವೇ ಸೆಕೆಂಡಿನ ಎಚ್ಚರಗಳಾದ್ದರಿಂದ ಬೆಳಿಗ್ಗೆ ನೆನಪಿರುವುದಿಲ್ಲ. ಎದ್ದಾಗ ತಲೆನೋವು, ಒಣಗಿದ ಬಾಯಿ, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಹಗಲೆಲ್ಲ ತೂಕಡಿಕೆ ಮಾತ್ರ ಉಳಿಯುತ್ತವೆ. ಮೂರು ಬಗೆಯ ಬಿಪಿ ಮಾತ್ರೆ ನುಂಗಿದರೂ ಒತ್ತಡ ಇಳಿಯದವರಲ್ಲಿ ಈ ಕಾಯಿಲೆ ಇದೆಯೇ ಎಂದು ನೋಡಲೇಬೇಕು. ಹೃದಯದ ಬಡಿತ ತಾಳ ತಪ್ಪುವುದು, ಪಾರ್ಶ್ವವಾಯು, ಮಧುಮೇಹ ಇವುಗಳೊಂದಿಗೂ ಇದರ ನಂಟಿದೆ. 2022ರ ಫೆಬ್ರವರಿಯಲ್ಲಿ, ನಮ್ಮ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೂ ಸಂಗೀತ ನೀಡಿದ್ದ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ ಸ್ಲೀಪ್ ಅಪ್ನಿಯಾ. ಆ ಹೆಸರನ್ನು ಅನೇಕರು ಮೊದಲು ಕೇಳಿದ್ದೇ ಆಗ.

ಇದು ದಪ್ಪಗಿರುವ ಗಂಡಸರ ಕಾಯಿಲೆ ಎಂಬ ಇನ್ನೊಂದು ನಂಬಿಕೆಯಿದೆ. ಕುತ್ತಿಗೆಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬುದು ನಿಜವೇ. ಆದರೆ ದವಡೆ ಚಿಕ್ಕದಾಗಿ ಹಿಂದಕ್ಕೆ ಸರಿದಿದ್ದರೆ ತೆಳ್ಳಗಿನವರಿಗೂ ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ. ಹೆಂಗಸರು ಗೊರಕೆಯ ದೂರು ಹೇಳುವುದು ಕಡಿಮೆ. ಸುಸ್ತು, ನಿದ್ದೆ ಬರುವುದಿಲ್ಲ, ಬೇಸರ ಎನ್ನುತ್ತಾರೆ, ರಕ್ತಹೀನತೆಗೋ ಥೈರಾಯ್ಡ್‌ಗೋ ಔಷಧಿ ಪಡೆದು ಮನೆಗೆ ಬರುತ್ತಾರೆ. ಇನ್ನು ಮಕ್ಕಳ ಗೊರಕೆಯನ್ನು ಮುದ್ದು ಎಂದು ಯಾರೂ ನಗಬಾರದು. ಟಾನ್ಸಿಲ್, ಅಡಿನಾಯ್ಡ್ ಬೆಳೆದು ಉಸಿರು ಕಟ್ಟುವ ಮಗು ಹಗಲು ತೂಕಡಿಸುವುದರ ಬದಲು ಚಡಪಡಿಸುತ್ತದೆ, ಪಾಠದಲ್ಲಿ ಮನಸ್ಸಿಡುವುದಿಲ್ಲ, ಹಾಸಿಗೆ ಒದ್ದೆ ಮಾಡುತ್ತದೆ. ತುಂಟತನವೆಂದು ಏಟು ತಿನ್ನುತ್ತದೆ. ಇಂಥ ಹೆಚ್ಚಿನ ಮಕ್ಕಳಿಗೆ ಆ ಗಂಟುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ಮೊದಲ ಮದ್ದು.

ದೊಡ್ಡವರಿಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಮೂಗಿಗೆ ಮುಖವಾಡ ತೊಟ್ಟು ಮಲಗಿದರೆ, ಅದು ಕೋಣೆಯ ಗಾಳಿಯನ್ನೇ ತುಸು ಒತ್ತಡದಿಂದ ಕಳಿಸಿ ಗಂಟಲು ಮುಚ್ಚದಂತೆ ತೆರೆದಿಡುತ್ತದೆ. “ಆಕ್ಸಿಜನ್ ಹಾಕೋ ಮಟ್ಟಕ್ಕೆ ಬಂತಾ” ಎಂದು ನೆಂಟರು ಗಾಬರಿಯಾಗುತ್ತಾರೆ. ಅದರಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲ, ಯಂತ್ರದ ಚಟ ಹತ್ತುವುದೂ ಇಲ್ಲ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಈ ವಿಧಾನವನ್ನು ಪ್ರಕಟಿಸುವವರೆಗೆ ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಾಡಿಸುತ್ತಿದ್ದರು. ಅದನ್ನು ನೆನೆದರೆ ಮುಖವಾಡದ ಕಿರಿಕಿರಿ ಸಣ್ಣದು. ಮೊದಲ ಕೆಲವು ವಾರ ಕಷ್ಟವಾಗುತ್ತದೆ; ಮುಖವಾಡದ ಅಳತೆ ಸರಿಯಿಲ್ಲದ್ದಕ್ಕೇ ಯಂತ್ರವನ್ನು ಅಟ್ಟಕ್ಕೆ ಹಾಕಿದವರು ಬಹಳ ಮಂದಿ. ಬೇರೆ ಅಳತೆ ಕೇಳಿ ಪಡೆಯಿರಿ. ಸೌಮ್ಯ ಅಥವಾ ಮಧ್ಯಮ ಹಂತದಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಕೆಲವರಿಗೆ ಸಾಕಾಗುತ್ತದೆ. ತೂಕ ಇಳಿದಷ್ಟೂ ಉಸಿರು ನಿಲ್ಲುವುದು ಕಡಿಮೆಯಾಗುತ್ತದೆ. ಬೊಜ್ಜಿನ ಜೊತೆ ಅಪ್ನಿಯಾ ಇರುವವರಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಒಪ್ಪಿತು. ದೊಡ್ಡವರಲ್ಲಿ ಕಿರುನಾಲಿಗೆ ಕತ್ತರಿಸುವ ಶಸ್ತ್ರಚಿಕಿತ್ಸೆಯ ಫಲ ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ, ಅವಸರಪಡಬೇಡಿ.

“ನಿದ್ದೆ ಬರದಿದ್ರೆ ಅರ್ಧ ಮಾತ್ರೆ ಸಾಕು”

ಆ ಅರ್ಧ ಮಾತ್ರೆ ಹೆಚ್ಚಾಗಿ ಆಲ್ಪ್ರಜೋಲಮ್ ಆಗಿರುತ್ತದೆ. ಯಾವಾಗಲೋ ಒಬ್ಬ ವೈದ್ಯರು ಹತ್ತು ದಿನಕ್ಕೆಂದು ಬರೆದುಕೊಟ್ಟದ್ದು, ಹಳೇ ಚೀಟಿಯ ಮೇಲೆ ವರ್ಷಗಟ್ಟಲೆ ಮನೆಗೆ ಬರುತ್ತಿರುತ್ತದೆ. ಭಾರತದಲ್ಲಿ ಇದು ಎಚ್1 ಪಟ್ಟಿಯ ಔಷಧ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕೆಲವು ವಾರಗಳಲ್ಲೇ ದೇಹ ಇದಕ್ಕೆ ಒಗ್ಗಿಕೊಂಡು ಪ್ರಮಾಣ ಏರುತ್ತದೆ, ಬಿಟ್ಟರೆ ನಿದ್ದೆ ಮೊದಲಿಗಿಂತ ಹದಗೆಡುತ್ತದೆ. “ನೋಡಿ, ಮಾತ್ರೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ” ಎಂದು ಅದನ್ನೇ ಪುರಾವೆಯೆಂದು ತಿಳಿಯುತ್ತೇವೆ. ವಯಸ್ಸಾದವರು ರಾತ್ರಿ ಬಚ್ಚಲಿಗೆಂದು ಎದ್ದು, ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದಕ್ಕೆ ಈ ಮಾತ್ರೆಗಳು ಕಾರಣವಾಗುವುದುಂಟು. 65 ದಾಟಿದವರಿಗೆ ಇವನ್ನು ಕೊಡುವುದನ್ನು ತಪ್ಪಿಸಬೇಕೆಂದು ಅಮೆರಿಕದ ವೃದ್ಧರೋಗ ತಜ್ಞರ ಸಂಘದ ಸಲಹೆಯಿದೆ. ಹಾಗೆಂದು ಇದನ್ನು ಓದಿ ಇಂದೇ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಹಾಗಾದರೆ ಮದ್ದೇನು? ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಿಗೂ ಮೀರಿ ನಿದ್ದೆ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ. ಅದಕ್ಕೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಸಿಬಿಟಿ-ಐ ಎಂಬ ನಡವಳಿಕೆಯ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಇದರ ತಿರುಳು ನಮ್ಮ ಅಂದಾಜಿಗೆ ತೀರಾ ವಿರುದ್ಧ. ನಿದ್ದೆ ಬಾರದವರು ಬೇಗ ಹಾಸಿಗೆ ಸೇರಿ ತಡವಾಗಿ ಏಳುತ್ತಾರೆ, ಒಂದಿಷ್ಟಾದರೂ ಬರಲಿ ಎಂದು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಾತ್ರ ನಿದ್ದೆ ಮಾಡುವವರಿಗೆ ಈ ಚಿಕಿತ್ಸೆ ಹೇಳುವುದು: ಆರೇ ಗಂಟೆ ಹಾಸಿಗೆಯಲ್ಲಿರಿ. ಬೆಳಿಗ್ಗೆ ಐದೂವರೆಗೆ ಏಳುವುದನ್ನು ಖಾಯಂ ಮಾಡಿಕೊಂಡರೆ ರಾತ್ರಿ ಹನ್ನೊಂದೂವರೆಯವರೆಗೆ ಮಲಗುವಂತಿಲ್ಲ, ಹಗಲು ಒರಗುವಂತಿಲ್ಲ. ಮಲಗಿದ ಸಮಯದ ಬಹುಭಾಗ, ಸುಮಾರು ಶೇ. 85, ನಿದ್ದೆಯಲ್ಲೇ ಕಳೆಯತೊಡಗಿದ ಮೇಲೆ ಹದಿನೈದು ಹದಿನೈದು ನಿಮಿಷ ಏರಿಸುತ್ತಾ ಹೋಗುತ್ತಾರೆ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಗೆ ಹೋಗಿ ಮಂದ ಬೆಳಕಿನಲ್ಲಿ ಕೂರಬೇಕು, ಕಣ್ಣು ಎಳೆದಾಗ ಮಾತ್ರ ಮರಳಬೇಕು. ಗಡಿಯಾರವನ್ನು ಗೋಡೆಯ ಕಡೆ ತಿರುಗಿಸಿಡಬೇಕು. ಹಾಸಿಗೆ ಎಂದರೆ ಹೊರಳಾಟ ಎಂದು ಕಲಿತುಬಿಟ್ಟ ಮಿದುಳಿಗೆ ಹಾಸಿಗೆ ಎಂದರೆ ನಿದ್ದೆ ಎಂದು ಮತ್ತೆ ಕಲಿಸುವ ಕೆಲಸ ಇದು. ಮೊದಲೆರಡು ವಾರ ಹಗಲು ತೂಕಡಿಕೆ ಹೆಚ್ಚಾಗುವುದರಿಂದ ವಾಹನ ಓಡಿಸುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ತಜ್ಞರಿಲ್ಲದೆ ಇದಕ್ಕೆ ಕೈಹಾಕಬಾರದು.

ಬಿಸಿ ಹಾಲು, ಕಾಲಿಗೆ ಹರಳೆಣ್ಣೆ, ಸಂಜೆ ಮೇಲೆ ಕಾಫಿ ಬೇಡ, ಮೊಬೈಲ್ ದೂರ ಇಡಿ ಇವೆಲ್ಲ ಒಳ್ಳೆಯವೇ, ಮಾಡಿ. ಆದರೆ ಬೇರೂರಿದ ನಿದ್ರಾಹೀನತೆ ಇಷ್ಟರಿಂದಲೇ ಗುಣವಾಗುವುದು ಅಪರೂಪ. ಇಷ್ಟೆಲ್ಲ ಮಾಡಿಯೂ ನಿದ್ದೆ ಬರಲಿಲ್ಲವೆಂದರೆ ತಪ್ಪು ನಿಮ್ಮದಲ್ಲ. ಒಂದು ಪೆಗ್ ಹಾಕಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ಆಮೇಲೆ ರಾತ್ರಿಯ ಎರಡನೇ ಅರ್ಧವನ್ನು ಚೂರು ಚೂರು ಮಾಡುತ್ತದೆ, ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸಿ ಅಪ್ನಿಯಾ ಹೆಚ್ಚಿಸುತ್ತದೆ.

“ಎದೆ ಮೇಲೆ ದೆವ್ವ ಕೂತಿತ್ತು”

ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಕೈಕಾಲು ಅಲ್ಲಾಡುವುದಿಲ್ಲ, ಕೂಗಲು ಬಾಯಿ ಬರುವುದಿಲ್ಲ, ಮೂಲೆಯಲ್ಲಿ ಯಾರೋ ನಿಂತಿದ್ದಾರೆ, ಎದೆಯ ಮೇಲೆ ಭಾರ. ಈ ಅನುಭವ ಸುಳ್ಳಲ್ಲ, ಹೇಳುವವರು ನಾಟಕವಾಡುತ್ತಿಲ್ಲ. ಎದೆಯ ಮೇಲೆ ಕೂತ ಭೂತವನ್ನು ಹೆನ್ರಿ ಫ್ಯೂಸೆಲಿ 1781ರಲ್ಲೇ ಚಿತ್ರಿಸಿದ್ದ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಜನ ಮುದುಕಿಯೊಬ್ಬಳು ಬಂದು ಕೂರುತ್ತಾಳೆ ಎನ್ನುತ್ತಾರೆ. ದೂರದೂರದ ನಾಡುಗಳ ಜನ ಒಂದೇ ಬಗೆಯ ಸಂಕಟ ಹೇಳುವುದಕ್ಕೆ ಕಾರಣ ನಮ್ಮೆಲ್ಲರ ಮಿದುಳಿನಲ್ಲಿದೆ. ಕಣ್ಣುಗುಡ್ಡೆಗಳು ರೆಪ್ಪೆಯಡಿ ಸರಸರ ಓಡಾಡುವ, ಕನಸು ದಟ್ಟವಾಗಿರುವ ನಿದ್ದೆಯ ಘಟ್ಟವನ್ನು 1953ರಲ್ಲಿ ಶಿಕಾಗೊದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಗುರುತಿಸಿದರು. ಆ ಘಟ್ಟದಲ್ಲಿ ಮಿದುಳು ಮೈಯ ಸ್ನಾಯುಗಳನ್ನು ಬೇಕೆಂದೇ ಸಡಿಲಗೊಳಿಸಿ ಬೀಗ ಹಾಕಿಡುತ್ತದೆ, ಕನಸಿನಲ್ಲಿ ಓಡಿದರೆ ಮಂಚದಿಂದ ಓಡಬಾರದಲ್ಲ. ಮನಸ್ಸು ಎಚ್ಚರವಾಗಿ ಆ ಬೀಗ ಇನ್ನೂ ತೆರೆದಿರದ ಒಂದೆರಡು ನಿಮಿಷವೇ ನಿದ್ದೆಯ ಪಾರ್ಶ್ವವಾಯು. ಅದರಿಂದ ಜೀವಕ್ಕೆ ಅಪಾಯವಿಲ್ಲ. ನಿದ್ದೆಗೆಟ್ಟವರಲ್ಲಿ, ಪಾಳಿ ಕೆಲಸದವರಲ್ಲಿ, ಅಂಗಾತ ಮಲಗಿದಾಗ ಹೆಚ್ಚು. ತಾಯಿತ ಕಟ್ಟಿಸಿ ಮನಸ್ಸಿಗೆ ಸಮಾಧಾನವಾದರೆ ಆಗಲಿ. ಆದರೆ ಹುಡುಗಿಗೆ ಮೈಮೇಲೆ ಬಂದಿದೆ ಎಂದು ಹೊಡೆದು ಹಿಂಸಿಸುವುದು ಕ್ರೌರ್ಯ.

ಆ ಬೀಗವೇ ಸಡಿಲಾಗಿ, ಐವತ್ತು ದಾಟಿದವರು ಕನಸಿನಲ್ಲಿ ಯಾರಿಗೋ ಹೊಡೆಯಲು ಹೋಗಿ ಪಕ್ಕದಲ್ಲಿದ್ದ ಹೆಂಡತಿಗೆ ಗುದ್ದುವುದುಂಟು. ಇದನ್ನು ಹಳೇ ಸಿಟ್ಟು ಎಂದು ಕುಟುಂಬಗಳು ಮುಚ್ಚಿಡುತ್ತವೆ. 1986ರಲ್ಲಿ ಮಿನ್ನೆಸೋಟದ ವೈದ್ಯರು ಇದನ್ನು ರೋಗವೆಂದು ವಿವರಿಸಿದರು. ಇಂಥವರಲ್ಲಿ ಅನೇಕರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ಅಥವಾ ಅದರ ಹತ್ತಿರದ ಕಾಯಿಲೆ ಕಾಣಿಸಿಕೊಳ್ಳುವುದರಿಂದ ನರರೋಗ ತಜ್ಞರನ್ನು ಕಾಣಲೇಬೇಕು. ಮೆಲಟೋನಿನ್, ಕ್ಲೋನಜೆಪಮ್‌ನಿಂದ ಗುದ್ದಾಟ ತಗ್ಗುತ್ತದೆ. ಮಂಚದ ಬಳಿ ಗಾಜು, ಚೂಪು ವಸ್ತು ಇಡಬೇಡಿ.

ಇನ್ನು ನಿದ್ದೆಯಲ್ಲಿ ನಡೆಯುವ ಮಕ್ಕಳನ್ನು ಎಬ್ಬಿಸಿದರೆ ಪ್ರಾಣ ಹೋಗುತ್ತದೆ ಎಂಬುದು ಸುಳ್ಳು. ಗಲಿಬಿಲಿಯಾಗುತ್ತಾರೆ ಅಷ್ಟೆ. ಮೆಲ್ಲಗೆ ಕೈಹಿಡಿದು ಹಾಸಿಗೆಗೆ ಕರೆತನ್ನಿ, ಬಾಗಿಲಿಗೆ ಚಿಲಕ ಹಾಕಿ. ದೊಡ್ಡವರಾಗುತ್ತಾ ಬಹುತೇಕರಿಗೆ ತಾನಾಗಿ ಹೋಗುತ್ತದೆ.

“ಕಾಲು ಒತ್ತಿಸಿಕೊಳ್ಳೋ ಚಾಳಿ”

ಸಂಜೆಯಾಗಿ ಕೂತ ಕೂಡಲೇ, ಮಲಗಿದ ಕೂಡಲೇ ಮೀನಖಂಡದೊಳಗೆ ಏನೋ ಹರಿದಾಡಿದಂತೆ, ಎಳೆದಂತೆ ಆಗುತ್ತದೆ. ಕಾಲಾಡಿಸಿದರೆ, ಎದ್ದು ಓಡಾಡಿದರೆ ಕಡಿಮೆ, ಮಲಗಿದರೆ ಮತ್ತೆ ಶುರು. ಟವೆಲನ್ನು ಬಿಗಿಯಾಗಿ ಕಟ್ಟಿಕೊಂಡು ಮಲಗುವವರಿದ್ದಾರೆ. ಮನೆಯವರು ಇದನ್ನು ಸೊಸೆಯ ಕೈಲಿ ಕಾಲು ಒತ್ತಿಸಿಕೊಳ್ಳುವ ನೆಪ ಎಂದುಕೊಳ್ಳುತ್ತಾರೆ, ಇಲ್ಲವೇ ವಾಯು ಎನ್ನುತ್ತಾರೆ. ರೆಸ್ಟ್‌ಲೆಸ್ ಲೆಗ್ಸ್ ಎಂಬ ಈ ತೊಂದರೆಯನ್ನು ಇಂಗ್ಲೆಂಡಿನ ಥಾಮಸ್ ವಿಲಿಸ್ 1672ರಲ್ಲೇ ವರ್ಣಿಸಿದ್ದರು. ಬಸುರಿಯರಲ್ಲಿ, ಕಿಡ್ನಿ ಕಾಯಿಲೆಯವರಲ್ಲಿ ಹೆಚ್ಚು. ಕಬ್ಬಿಣಾಂಶದ ಕೊರತೆ ಇದರ ದೊಡ್ಡ ಕಾರಣ, ಮತ್ತು ಹಿಮೋಗ್ಲೋಬಿನ್ ಸರಿಯಿದ್ದರೂ ಈ ಕೊರತೆ ಇರಬಹುದು. ಆದ್ದರಿಂದ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಸಾಮಾನ್ಯವಾಗಿ ಲ್ಯಾಬ್ ಚೀಟಿ ‘ನಾರ್ಮಲ್’ ಎಂದು ತೋರಿಸುವ ಸಂಖ್ಯೆಯಿದ್ದರೂ, 75ಕ್ಕಿಂತ ಕಡಿಮೆಯಿದ್ದರೆ ಈ ರೋಗಿಗಳಿಗೆ ವೈದ್ಯರು ಕಬ್ಬಿಣ ಕೊಡುತ್ತಾರೆ. ಆ ಮಾತ್ರೆಯನ್ನು ಕಾಫಿ, ಚಹಾ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ನಿದ್ದೆ ಬರಿಸುವ ಕೆಲವು ನೆಗಡಿ ಮಾತ್ರೆಗಳು ಕಾಲಿನ ಕಾಟವನ್ನು ಹೆಚ್ಚಿಸುತ್ತವೆ. ಕಬ್ಬಿಣಕ್ಕೂ ಬಗ್ಗದಿದ್ದರೆ ಗ್ಯಾಬಪೆಂಟಿನ್ ಬಗೆಯ ಔಷಧಗಳಿವೆ.

“ತರಗತಿಯಲ್ಲಿ ನಿದ್ದೆ ಮಾಡೋ ಸೋಮಾರಿ”

ರಾತ್ರಿ ಬೇಕಾದಷ್ಟು ಮಲಗಿಯೂ ಪಾಠದ ನಡುವೆ, ಊಟದ ನಡುವೆ ನಿದ್ದೆಗೆ ಜಾರುವ, ಜೋರಾಗಿ ನಕ್ಕಾಗ ಮೊಣಕಾಲು ಕುಸಿದು ಬೀಳುವ ಹದಿಹರೆಯದವರಿದ್ದಾರೆ. ಪ್ರಜ್ಞೆ ತಪ್ಪದೆ ಹೀಗೆ ಕುಸಿಯುವುದನ್ನು ಫಿಟ್ಸ್ ಎಂದು ತಪ್ಪು ತಿಳಿದು ಔಷಧಿ ಕೊಟ್ಟದ್ದೂ ಉಂಟು. ನಾರ್ಕೊಲೆಪ್ಸಿ ಎಂಬ ಈ ರೋಗ ಅಪರೂಪದ್ದು. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ವಿಜ್ಞಾನಿಗಳು ಕಂಡದ್ದು 1998ರಲ್ಲಿ. ಹೀಗೆ ಕುಸಿಯುವವರ ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಬೈಗುಳದಿಂದ ಆ ಕೋಶಗಳು ಮರಳುವುದಿಲ್ಲ. ಪೂರ್ತಿ ಗುಣವಾಗದಿದ್ದರೂ ಮೊಡಾಫಿನಿಲ್‌ನಂಥ ಔಷಧ ಮತ್ತು ಹಗಲು ನಿಗದಿತ ಹೊತ್ತಿಗೆ ಹದಿನೈದಿಪ್ಪತ್ತು ನಿಮಿಷದ ನಿದ್ದೆಯಿಂದ ಓದು, ಕೆಲಸ ಸಾಗುತ್ತದೆ. ಶಾಲೆ ಆ ಇಪ್ಪತ್ತು ನಿಮಿಷಕ್ಕೆ ಒಪ್ಪಬೇಕು.

ಪರೀಕ್ಷೆ ಎಂದರೆ ಹೆದರಿಕೆ

“ತಲೆಗೆ ವೈರ್ ಹಾಕಿ ಕರೆಂಟ್ ಕೊಡ್ತಾರಂತೆ” ಎಂದು ನಿದ್ದೆಯ ಪರೀಕ್ಷೆಗೆ ಹೋಗದವರಿದ್ದಾರೆ. ಆ ವೈರುಗಳು ಮಿದುಳಿನ ಅಲೆಗಳನ್ನು ಬರೆದುಕೊಳ್ಳುತ್ತವೆ, ಒಳಗೆ ಏನನ್ನೂ ಕಳಿಸುವುದಿಲ್ಲ. ಮೂಗಿನ ಬಳಿ ಒಂದು ನಳಿಕೆ, ಎದೆ ಹೊಟ್ಟೆಗೆ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್, ಅಷ್ಟೇ. ಸೂಜಿ ಚುಚ್ಚುವುದಿಲ್ಲ. ಅಪ್ನಿಯಾದ ಅನುಮಾನ ಬಲವಾಗಿದ್ದರೆ ಮನೆಯಲ್ಲೇ ಮಾಡುವ ಸಣ್ಣ ಪರೀಕ್ಷೆಯೂ ಇದೆ. ಗೊರಕೆ, ಉಸಿರಿನ ತೊಂದರೆಗೆ ಶ್ವಾಸಕೋಶ ತಜ್ಞರು ಅಥವಾ ಇಎನ್‌ಟಿ, ಕಾಲಿನ ಕಾಟ, ಕನಸಿನ ಗುದ್ದಾಟಕ್ಕೆ ನರರೋಗ ತಜ್ಞರು, ನಿದ್ರಾಹೀನತೆಗೆ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಸಂಶೋಧನೆ ದಶಕಗಳಿಂದ ನಡೆದಿದೆ.

ಹೋಗುವ ಮುನ್ನ ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕುಡಿದ ಕಾಫಿ, ನುಂಗಿದ ಮಾತ್ರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗೊರಕೆಯನ್ನು, ಅದು ನಿಲ್ಲುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿಸಿಕೊಳ್ಳಿ. ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದೊಯ್ಯಿರಿ, ರೋಗ ಕಂಡವರು ಅವರೇ. ಅಪ್ನಿಯಾ ಇದೆಯೆಂದು ತಿಳಿದ ಮೇಲೆ, ಮುಂದೆ ಯಾವುದೇ ಆಪರೇಷನ್ ಆಗುವುದಿದ್ದರೂ ಅರಿವಳಿಕೆ ಕೊಡುವ ವೈದ್ಯರಿಗೆ ಅದನ್ನು ಮೊದಲೇ ಹೇಳಿ, ನಿಮ್ಮ ಸಿಪ್ಯಾಪ್ ಯಂತ್ರವನ್ನೂ ಆಸ್ಪತ್ರೆಗೆ ಒಯ್ಯಿರಿ.